ಆರೋಗ್ಯ ವಿಮೆ: ಬೆಳೆಗಾರನು ಯಾವ ಪಟ್ಟಿಯಲ್ಲಿದ್ದಾನೆ?

ಕಳೆದ ಕಾರ್ತಿಕದಲ್ಲಿ, ಅಡಕೆಯ ಮೊದಲ ಕೊಯ್ಲು ನಡೆಯುತ್ತಿದ್ದ ದಿನಗಳಲ್ಲಿ, ನಮ್ಮ ಸಂಘದ ಹಳೆಯ ಸದಸ್ಯರೊಬ್ಬರಿಗೆ ತೋಟದ ಏರು ಹತ್ತುವಾಗ ಎದೆ ಹಿಡಿದಂತಾಯಿತು. ನಾಲ್ಕು ಎಕರೆ ಅಡಕೆ, ಮೇಲಿನ ಗುಡ್ಡದಲ್ಲಿ ಎರಡು ಎಕರೆ ರೋಬಸ್ಟಾ ಇರುವ ಮನೆ. ಪೇಟೆಯ ಡಾಕ್ಟರು ಪರೀಕ್ಷೆ ಮಾಡಿಸಿ, ರಕ್ತನಾಳಗಳು ಕಟ್ಟಿಕೊಂಡಿವೆ, ತಿಂಗಳೊಳಗೆ ಬೈಪಾಸ್ ಆಗಬೇಕು ಎಂದರು. ಮಗ, ಅಳಿಯ ಸೇರಿ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ನೇರವಾಗಿ ಘಟ್ಟ ಇಳಿದು ಒಂದು ದೊಡ್ಡ ಖಾಸಗಿ ಆಸ್ಪತ್ರೆಗೆ ಹೋದರು. ಅಲ್ಲಿ ಮೇಜಿನ ಹಿಂದೆ ಕೂತಿದ್ದ ಹುಡುಗಿ ಮೂರು ಪ್ರಶ್ನೆ ಕೇಳಿದಳಂತೆ. ಪಡಿತರ ಚೀಟಿ ಬಿಪಿಎಲ್ಲೋ ಎಪಿಎಲ್ಲೋ? ಸರಕಾರಿ ಆಸ್ಪತ್ರೆಯಿಂದ ಪತ್ರ ತಂದಿದ್ದೀರಾ? ಯಶಸ್ವಿನಿ ಇದೆಯೇ? ಚೀಟಿ ಎಪಿಎಲ್. ಪತ್ರ ತಂದಿರಲಿಲ್ಲ. ಯಶಸ್ವಿನಿ ಕಾರ್ಡೇನೋ ಮಗನ ಪರ್ಸಿನಲ್ಲಿತ್ತು, ಅದು 2017ರದು.

ಆಪರೇಷನ್ ಚೆನ್ನಾಗಿಯೇ ಆಯಿತು. ಬಿಲ್ಲು ಮೂರೂಕಾಲು ಲಕ್ಷ ದಾಟಿತು. ಆ ಹಣಕ್ಕಾಗಿ ಎರಡು ವರ್ಷದ ಅಡಕೆ ಫಸಲನ್ನು ಮುಂಗಡವಾಗಿ ಚೇಣಿಗೆ ಕೊಟ್ಟಿದ್ದಾರೆ. ಎಂಥ ದರಕ್ಕೆ ಎಂದು ಬರೆದರೆ ಅವರಿಗೂ ಅವಮಾನ, ಚೇಣಿದಾರರಿಗೂ ಅವಮಾನ. ಊರಿಗೆ ಬಂದ ಮೇಲೆ ಅವರು ಸಂಘಕ್ಕೆ ಬಂದರು. ಬೈಯುತ್ತಾರೆಂದು ಎಣಿಸಿದ್ದೆ. ಅವರು ಬೈಯಲಿಲ್ಲ. ಕುರ್ಚಿಯಲ್ಲಿ ಕೂತು ಸ್ವಲ್ಪ ಉಸಿರು ತೆಗೆದುಕೊಂಡು, "ಅಲ್ಲ ಮಾರಾಯ್ರೇ, ನಾನು ಈ ಸಂಘದ ಸದಸ್ಯ ಹೌದೋ ಅಲ್ಲವೋ?" ಎಂದು ಕೇಳಿದರು.

ಹೌದು. ಸದಸ್ಯರು. ಆ ಸದಸ್ಯತ್ವವೇ ಅವರ ಕೈಯಲ್ಲಿದ್ದ ಅತ್ಯುತ್ತಮ ಅರ್ಹತೆಯಾಗಿತ್ತು ಎಂಬುದನ್ನು ಅವರಿಗೆ ಮೊದಲೇ ತಿಳಿಸಬೇಕಾಗಿದ್ದವನು ನಾನು. ನೋಂದಣಿಯ ಸುತ್ತೋಲೆ ಬಂದಾಗ ಅದನ್ನು ನೋಟೀಸು ಬೋರ್ಡಿಗೆ ಅಂಟಿಸಿ ಕರ್ತವ್ಯ ಮುಗಿಯಿತೆಂದುಕೊಂಡಿದ್ದೆ. ಕೊಯ್ಲಿನ ಕಾಲದಲ್ಲಿ ನೋಟೀಸು ಬೋರ್ಡು ಓದಲು ಯಾರು ಬರುತ್ತಾರೆ? ಆದುದರಿಂದ ಈ ಲೇಖನವನ್ನು ಉಪದೇಶವೆಂದು ತಿಳಿಯದೆ, ತಡವಾಗಿ ಬಂದ ನೋಟೀಸೆಂದೇ ತಿಳಿಯಬೇಕಾಗಿ ವಿನಂತಿ.

ನಮ್ಮಂಥ ಸಣ್ಣ ಬೆಳೆಗಾರರ ತೊಂದರೆ ಎಲ್ಲಿದೆ ಎಂಬುದನ್ನು ಮೊದಲು ನೋಡೋಣ. 2018ರ ಮಾರ್ಚಿನಲ್ಲಿ ನಮ್ಮ ರಾಜ್ಯದಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ ಬಂತು, ಅಕ್ಟೋಬರಿನಲ್ಲಿ ಎರಡನ್ನೂ ಒಂದುಗೂಡಿಸಿದರು. ಇದರಲ್ಲಿ ರೋಗಿಗಳು ಎರಡು ಬಗೆ. ಆಹಾರ ಭದ್ರತಾ ಕಾಯಿದೆಯ ಪ್ರಕಾರ ಚೀಟಿ ಹೊಂದಿದವರು, ಅಂದರೆ ನಾವು ಬಿಪಿಎಲ್ ಎನ್ನುವವರು, 'ಅರ್ಹ ರೋಗಿ'ಗಳು. ಅವರ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಚಿತ. ಉಳಿದವರೆಲ್ಲ 'ಸಾಮಾನ್ಯ ರೋಗಿ'ಗಳು. ಸರಕಾರ ಆಯಾ ಚಿಕಿತ್ಸೆಗೆ ಗೊತ್ತುಪಡಿಸಿದ ದರದ ಶೇಕಡ 30 ಭಾಗವನ್ನು ಮಾತ್ರ ಇವರಿಗೆ ಕೊಡುತ್ತದೆ. ಅದೂ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಗೊತ್ತುಪಡಿಸಿದ ದರ ಒಂದು ಲಕ್ಷವಿದ್ದರೆ 30 ಸಾವಿರ ಸರಕಾರದ್ದು, 70 ಸಾವಿರ ನಮ್ಮದು.

ಈ ಶೇಕಡ 30 ಕೂಡ ಆಸ್ಪತ್ರೆಗೆ ನಡೆದುಹೋದ ಮಾತ್ರಕ್ಕೆ ಸಿಕ್ಕುವುದಿಲ್ಲ. ತುರ್ತು ಎಂದು ಪಟ್ಟಿಯಲ್ಲಿ ಬರೆದಿರುವ ಚಿಕಿತ್ಸೆಗಳನ್ನು ಬಿಟ್ಟರೆ, ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಈ ಚಿಕಿತ್ಸೆ ನಮ್ಮಲ್ಲಿ ಆಗದು, ಬೇರೆಡೆ ಮಾಡಿಸಿ ಎಂದು ಅಲ್ಲಿಯ ವೈದ್ಯರು ಪತ್ರ ಕೊಡಬೇಕು. ಆ ಪತ್ರ ಹಿಡಿದು, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ನಮ್ಮ ಸದಸ್ಯರು ಈ ಅನುಕ್ರಮದಲ್ಲಿ ಹೋಗಿದ್ದರೆ ಸ್ವಲ್ಪವಾದರೂ ಉಳಿಯುತ್ತಿತ್ತು. ಎದೆ ಹಿಡಿದುಕೊಂಡ ಮನುಷ್ಯನನ್ನು ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ನಿಲ್ಲಿಸುವುದು ಹೇಗೆಂದು ಮಗ ಕೇಳುತ್ತಾನೆ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಆದರೆ ತಿಂಗಳ ಸಮಯವಿದ್ದ ಕಾಯಿಲೆ ಅದು. ಒಂದು ದಿನವನ್ನು ಪತ್ರಕ್ಕೆ ಕೊಡಬಹುದಿತ್ತು.

ಹಾಗಾದರೆ ಬಿಪಿಎಲ್ ಚೀಟಿಯನ್ನೇ ಮಾಡಿಸಿಬಿಡೋಣ ಎನ್ನುವವರಿದ್ದಾರೆ. ವಾರಕ್ಕೊಬ್ಬರಾದರೂ ಈ ಉಪಾಯ ಹಿಡಿದು ನನ್ನ ಬಳಿ ಬರುತ್ತಾರೆ. ವರ್ಷದ ಆದಾಯ 1 ಲಕ್ಷ 20 ಸಾವಿರ ಮೀರಬಾರದು, ಮೂರು ಹೆಕ್ಟೇರ್ ಒಣಭೂಮಿಗಿಂತ ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನಿಗಿಂತ ಹೆಚ್ಚು ಇರಬಾರದು, ಸ್ವಂತ ಬಳಕೆಯ ನಾಲ್ಕು ಚಕ್ರದ ವಾಹನ ಇರಬಾರದು ಎಂಬ ಮಾನದಂಡಗಳಿವೆ. ಗೊಬ್ಬರ ಸಾಗಿಸಲು ಇಟ್ಟುಕೊಂಡ ಹಳೆಯ ಜೀಪು ಕೂಡ ನಮ್ಮನ್ನು ಆ ಪಟ್ಟಿಯಿಂದ ಹೊರಗೆ ಹಾಕುತ್ತದೆ. ಜೀಪನ್ನು ಭಾವನ ಹೆಸರಿಗೆ ಮಾಡಿ, ಆದಾಯವನ್ನು ಕಡಿಮೆ ಬರೆಸಿ ಚೀಟಿ ಪಡೆದವರು ಊರೂರಲ್ಲಿದ್ದಾರೆ, ಗೊತ್ತಿಲ್ಲವೆಂದರೆ ಸುಳ್ಳಾದೀತು. 2024ರಲ್ಲಿ ಪರಿಶೀಲನೆ ನಡೆದಾಗ ಅವರ ಎದೆ ಹೇಗೆ ಹೊಡೆದುಕೊಂಡಿತೆಂಬುದೂ ಗೊತ್ತು. ಸುಳ್ಳು ಚೀಟಿಯನ್ನು ನಂಬಿ ಆಪರೇಷನ್ನಿಗೆ ಹೋಗುವುದು ಕೊಳೆತ ಏಣಿಯನ್ನು ನಂಬಿ ಮರ ಹತ್ತಿದ ಹಾಗೆ. ಸಂಘದ ಕಾರ್ಯದರ್ಶಿಯಾಗಿ ಅಂಥ ಅರ್ಜಿಗೆ ನಾನು ರುಜು ಹಾಕುವುದಿಲ್ಲ.

ಬಡವನೂ ಅಲ್ಲದ, ಮೂರು ಲಕ್ಷವನ್ನು ಒಮ್ಮೆಗೇ ಎಣಿಸಿಕೊಡಲೂ ಆಗದ ಈ ನಡುವಿನ ಮನುಷ್ಯನಿಗಾಗಿಯೇ ಹುಟ್ಟಿದ್ದು ಯಶಸ್ವಿನಿ. 2002ರ ನವೆಂಬರ್ 14ರಂದು, ಶ್ರೀ ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ, ಇದರ ಉದ್ಘಾಟನೆಯಾಯಿತು. 2003ರ ಜೂನ್ 1ರಿಂದ ಚಿಕಿತ್ಸೆ ಆರಂಭವಾಯಿತು. ಹೃದಯತಜ್ಞ ಡಾ. ದೇವಿ ಶೆಟ್ಟಿಯವರು ಇದರ ಹಿಂದಿದ್ದರು. ಆಗ ವಂತಿಗೆ ತಲೆಗೆ ವರ್ಷಕ್ಕೆ 60 ರೂಪಾಯಿ, ತಿಂಗಳ ಲೆಕ್ಕದಲ್ಲಿ 5 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಅಷ್ಟು ಜನರಿಂದ ಹಣ ಎತ್ತಿದ್ದು ಯಾವ ವಿಮಾ ಕಂಪೆನಿಯ ಏಜೆಂಟರೂ ಅಲ್ಲ. ಹಾಲು ಸೊಸೈಟಿ, ಬೇಸಾಯ ಸೊಸೈಟಿಗಳ ಗುಮಾಸ್ತರು. ಹಣ ಒಂದು ಟ್ರಸ್ಟಿನಲ್ಲಿ ನಿಂತಿತು, ಸರಕಾರವೂ ತನ್ನ ಪಾಲು ಹಾಕಿತು. ಅಂದು ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ಯೋಜನೆ. ಬರಿಯ ಔಷಧಿಯಲ್ಲಿ ಗುಣವಾಗುವ ಜ್ವರಕ್ಕೆ ಅದು ಇರಲಿಲ್ಲ.

ನಮ್ಮ ಜನ ಅದನ್ನು ಆಗಲೂ ಸರಿಯಾಗಿ ಅರ್ಥ ಮಾಡಿಕೊಳ್ಳಲಿಲ್ಲ. "ಮೂರು ವರ್ಷ ಕಟ್ಟಿದೆ, ಏನೂ ಆಗಲಿಲ್ಲ, ಹಣ ವಾಪಸು ಬರುತ್ತದೆಯೇ?" ಎಂದು ಕೇಳಿದ ಹಿರಿಯರಿದ್ದರು. ಏನೂ ಆಗದಿದ್ದುದಕ್ಕೆ ದೇವರಿಗೆ ಹಣ್ಣುಕಾಯಿ ಮಾಡಿಸಿ ಎಂದಿದ್ದೆ.

2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನ ಮಾಡಿದರು. ಎಲ್ಲರಿಗೂ ಒಂದೇ ಯೋಜನೆ ಎಂಬುದು ಕೇಳಲು ಚೆಂದ. ಆದರೆ ಬಿಪಿಎಲ್ ಇಲ್ಲದ ಸಹಕಾರಿ ಸದಸ್ಯನ ಪಾಲಿಗೆ, ಹಿಂದೆ ತನ್ನ ವಂತಿಗೆಯ ಬಲದಿಂದ ಸಿಗುತ್ತಿದ್ದ ಚಿಕಿತ್ಸೆ ಶೇಕಡ 30ಕ್ಕೆ ಇಳಿಯಿತು. ಕೊರೋನಾದ ಎರಡು ವರ್ಷಗಳೂ ಇದೇ ಅವಧಿಯಲ್ಲಿ ಕಳೆದವು. ಸಹಕಾರಿಗಳೆಲ್ಲ ಕೂಗಿದ ಮೇಲೆ, 2022–23ರ ಆಯವ್ಯಯದಲ್ಲಿ 300 ಕೋಟಿ ರೂಪಾಯಿ ತೆಗೆದಿರಿಸಿ, 2022ರ ನವೆಂಬರಿನಲ್ಲಿ ಮತ್ತೆ ನೋಂದಣಿ ಆರಂಭಿಸಿದರು.

ಮತ್ತೆ ಬಂದಾಗ ಹಾಕಿದ ಲೆಕ್ಕ ಹೀಗಿತ್ತು. ಗ್ರಾಮಾಂತರ ಸಂಘದ ಸದಸ್ಯನಾದರೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲಿನ ಪ್ರತಿ ತಲೆಗೆ 100. ಪಟ್ಟಣದ ಸಂಘವಾದರೆ 1,000, ಮೇಲಿನ ತಲೆಗೆ 200. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ವಂತಿಗೆ ಸರಕಾರದ್ದು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಸೇರ್ಪಡೆಯಾದ ಆಸ್ಪತ್ರೆಯಲ್ಲಿ, ಕೈಯಿಂದ ಹಣ ಕಟ್ಟದೆ ಚಿಕಿತ್ಸೆ. ಐದು ನೂರು ರೂಪಾಯಿ ಎಂದರೆ ಒಂದು ಕಿಲೋ ರಾಶಿ ಅಡಕೆಯ ಬೆಲೆಯ ಆಸುಪಾಸು. ತಹಶೀಲ್ದಾರರ ಆದಾಯ ಪತ್ರ ಇಲ್ಲಿ ಬೇಡ. ಸಹಕಾರ ಸಂಘದ ಸದಸ್ಯನೋ ಅಲ್ಲವೋ ಎಂಬುದೇ ಮುಖ್ಯ ಪ್ರಶ್ನೆ. ಸಹಕಾರ ಸಂಘಗಳಿಗೆ ಹೊಂದಿಕೊಂಡ ಸ್ವಸಹಾಯ ಗುಂಪಿನ ಹೆಂಗಸರಿಗೂ ಅವಕಾಶವಿಟ್ಟಿದ್ದಾರೆ.

ಇಷ್ಟು ಸುಲಭವಿದ್ದ ಮೇಲೆ ಎಲ್ಲರೂ ಏಕೆ ಸೇರಲಿಲ್ಲ? ನನ್ನ ನೋಟೀಸು ಬೋರ್ಡಿನ ಕಥೆ ಆಗಲೇ ಹೇಳಿದ್ದೇನೆ. ಎರಡನೆಯ ಕಾರಣ ಪಡಿತರ ಚೀಟಿ. ನಮ್ಮ ಬಹಳಷ್ಟು ಅರ್ಜಿಗಳು ಕಗ್ಗಂಟಾಗುವುದು ಅಲ್ಲಿಯೇ. ಕುಟುಂಬ ಯಾರು ಎಂಬುದಕ್ಕೆ ಆ ಚೀಟಿಯೇ ಸಾಕ್ಷಿ. ಕುಟುಂಬದಲ್ಲಿ ಸರಕಾರಿ ನೌಕರರಿದ್ದರೆ, ಅಥವಾ ತಿಂಗಳಿಗೆ 30 ಸಾವಿರಕ್ಕಿಂತ ಹೆಚ್ಚು ಸಂಬಳದ ಖಾಸಗಿ ನೌಕರರಿದ್ದರೆ ಸೇರುವಂತಿಲ್ಲ ಎಂಬ ಷರತ್ತನ್ನು ಯೋಜನೆ ಮತ್ತೆ ಬಂದಾಗ ಹಾಕಿದ್ದಾರೆ. ಈಗ ನಮ್ಮ ಮನೆಗಳನ್ನು ನೋಡಿ. ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅಲ್ಲೇ ಮನೆ ಮಾಡಿ ಏಳೆಂಟು ವರ್ಷವಾಯಿತು. ದೀಪಾವಳಿಗೆ, ಅಜ್ಜನ ತಿಥಿಗೆ ಬರುತ್ತಾನೆ. ಆದರೆ ಅವನ ಹೆಸರು ಮಾತ್ರ ಊರಿನ ಚೀಟಿಯಲ್ಲಿ ಭದ್ರವಾಗಿ ಕೂತಿದೆ. ತೆಗೆಸಿದರೆ ಮಗನನ್ನೇ ಮನೆಯಿಂದ ತೆಗೆದಂತಾಗುತ್ತದೆ ಎಂದು ತಾಯಿಗೆ ಸಂಕಟ. ಆ ಒಂದು ಹೆಸರಿನಿಂದ ಅಪ್ಪ, ಅಮ್ಮ ಇಬ್ಬರೂ ಯೋಜನೆಯಿಂದ ಹೊರಗೆ.

ಇದಕ್ಕೆ ತದ್ವಿರುದ್ಧವಾದ ಪ್ರಸಂಗವೂ ಇದೆ. ಅಣ್ಣ ತಮ್ಮಂದಿರು ಹಿಸ್ಸೆಯಾಗಿ ಹದಿನೈದು ವರ್ಷ. ಪಹಣಿ ಬೇರೆ, ಒಲೆ ಬೇರೆ, ಕಣ ಬೇರೆ, ಮಾತು ಕೂಡ ಇಲ್ಲ. ಪಡಿತರ ಚೀಟಿ ಮಾತ್ರ ಅಣ್ಣನ ಹೆಸರಿನಲ್ಲಿ ಒಂದೇ. ತಮ್ಮನ ಹೆಂಡತಿಗೆ ಗರ್ಭಕೋಶದ ಆಪರೇಷನ್ ಆಗಬೇಕಾದಾಗ, ಚೀಟಿಯ ನಕಲು ಕೇಳಲು ಅಣ್ಣನ ಅಂಗಳಕ್ಕೆ ಹೋಗಬೇಕಾಗಿ ಬಂದ ಸಂಗತಿ ನಮ್ಮ ಸಂಘದ ವ್ಯಾಪ್ತಿಯಲ್ಲೇ ನಡೆದಿದೆ. ಪಾಲುಪಟ್ಟಿ ನೋಂದಾಯಿಸಲು ಸಾವಿರಾರು ರೂಪಾಯಿ ಖರ್ಚು ಮಾಡುವವರು ಚೀಟಿ ಬೇರೆ ಮಾಡಿಸಲು ಒಂದು ದಿನ ತಾಲ್ಲೂಕು ಕಚೇರಿಗೆ ಹೋಗುವುದಿಲ್ಲ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲೇ ಇರುವುದು, ಹುಟ್ಟಿದ ಮಗುವಿನ ಹೆಸರು ಎಲ್ಲಿಯೂ ಇಲ್ಲದಿರುವುದು, ಆಧಾರದಲ್ಲಿ ಒಂದು ಹೆಸರು ಚೀಟಿಯಲ್ಲಿ ಇನ್ನೊಂದು ಹೆಸರು ಇರುವುದು, ಇವೆಲ್ಲ ಇದೇ ಜಾತಿಯ ರೋಗಗಳು. ಮಳೆಗಾಲದ ಬಿಡುವಿನಲ್ಲಿ ಮದ್ದಿದೆ, ಆಸ್ಪತ್ರೆಯ ಮೇಜಿನ ಮುಂದೆ ಇಲ್ಲ.

ಇನ್ನು ಸಂಘದ ಷೇರು ಪುಸ್ತಕ. ಇತ್ತೀಚೆಗೆ ಒಂದು ದಿನ ಕೂತು ಅದರ ನಾಮನಿರ್ದೇಶನದ ಕಲಮನ್ನು ತಿರುವಿ ಹಾಕಿದೆ. ಪುಟ ಪುಟಗಳು ಖಾಲಿ. ಇನ್ನು ಕೆಲವದರಲ್ಲಿ ತೀರಿಹೋದ ತಾಯಿಯ ಹೆಸರು. ಸದಸ್ಯತ್ವ ಬಹುತೇಕ ಗಂಡಸಿನ ಹೆಸರಿನಲ್ಲಿ. ಅವನು ಕಣ್ಣು ಮುಚ್ಚಿದರೆ, ಷೇರು ವರ್ಗವಾಗುವವರೆಗೆ ಹೆಂಡತಿ ಸದಸ್ಯಳಲ್ಲ. ಸದಸ್ಯಳಲ್ಲದವಳಿಗೆ ಯಶಸ್ವಿನಿ ಇಲ್ಲ. ಮನೆಯ ಆಧಾರ ತಪ್ಪಿದ ವರ್ಷವೇ ಆಕೆಗೆ ಈ ಆಸರೆಯೂ ತಪ್ಪಬೇಕೇ? ಪ್ರತಿ ಮನೆಯಿಂದ ಗಂಡ, ಹೆಂಡತಿ ಇಬ್ಬರೂ ಒಂದೊಂದು ಷೇರು ಹಿಡಿಯಬೇಕೆಂದು ನಾನು ಮಹಾಸಭೆಯಲ್ಲಿ ಎರಡು ಸಲ ಹೇಳಿದ್ದೇನೆ. ಎರಡು ಸಲವೂ ಚಪ್ಪಾಳೆ ಬಿತ್ತು, ಷೇರಿನ ಅರ್ಜಿ ಬೀಳಲಿಲ್ಲ.

ಯಶಸ್ವಿನಿಯಲ್ಲಿ ಕೊರತೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಪಟ್ಟಿಯಲ್ಲಿ ಹೆಸರಿರುವ ಆಸ್ಪತ್ರೆಯೂ ಕೆಲವೊಮ್ಮೆ ಹಾಸಿಗೆ ಖಾಲಿ ಇಲ್ಲ ಎಂದು ನಯವಾಗಿ ಸಾಗಹಾಕುತ್ತದೆ. ಸರಕಾರ ಕೊಡುವ ದರ ಸಾಲದು, ಅದೂ ಹೊತ್ತಿಗೆ ಬರುವುದಿಲ್ಲ ಎಂಬುದು ಆಸ್ಪತ್ರೆಯವರ ದೂರು. ದರವನ್ನು ಕಾಲಕ್ಕೆ ತಕ್ಕಂತೆ ಪರಿಷ್ಕರಿಸುವುದು ಸರಕಾರದ ಕೆಲಸ. ಅದನ್ನು ಮಾಡಿ ಎಂದು ಒತ್ತಾಯಿಸುವುದು ಸಂಘಗಳ ಕೆಲಸ. ಸದಸ್ಯನ ಮಟ್ಟಿಗೆ ಹೇಳುವುದಾದರೆ, ಹೊರಡುವ ಮೊದಲು ಆಸ್ಪತ್ರೆಗೆ ಫೋನು ಮಾಡಿ, ಯಶಸ್ವಿನಿ ವಿಭಾಗದವರನ್ನೇ ಕೇಳಿ, ಈ ಚಿಕಿತ್ಸೆ ಈ ವರ್ಷದ ಪಟ್ಟಿಯಲ್ಲಿದೆಯೇ, ಒಳಗೆ ಹಾಕುವ ಸಾಮಾನಿಗೆ ಬೇರೆ ಹಣ ಕೊಡಬೇಕೇ ಎಂದು ತಿಳಿದುಕೊಳ್ಳಬೇಕು. ಜನರಲ್ ವಾರ್ಡಿನ ಯೋಜನೆ ಇದು. ಸ್ಪೆಷಲ್ ರೂಮೇ ಬೇಕೆನ್ನುವವರಿಗೆ ಹೇಳಿದ್ದಲ್ಲ.

ಷರತ್ತಿನ ಕಾರಣದಿಂದ ಯಶಸ್ವಿನಿಗೆ ಸೇರಲಾಗದವರು, ಅಥವಾ ಸೇರಿಯೂ ಇನ್ನಷ್ಟು ಭದ್ರತೆ ಬೇಕೆನ್ನುವವರು ವಿಮಾ ಕಂಪೆನಿಗಳ ಪಾಲಿಸಿ ನೋಡಬೇಕಾಗುತ್ತದೆ. ಇಲ್ಲಿ ಇತ್ತೀಚೆಗೆ ನಿಯಮಗಳು ಗ್ರಾಹಕನ ಕಡೆ ಸ್ವಲ್ಪ ವಾಲಿವೆ. 65 ವರ್ಷ ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎಂಬ ಹಳೆಯ ಕಟ್ಟಳೆಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲಿನಿಂದ ತೆಗೆದುಹಾಕಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿ ನಾಲ್ಕು ವರ್ಷವಿದ್ದದ್ದು ಮೂರಕ್ಕೆ ಇಳಿದಿದೆ. ವೈಯಕ್ತಿಕ ಆರೋಗ್ಯ ಪಾಲಿಸಿಯ ಕಂತಿನ ಮೇಲಿದ್ದ ಶೇಕಡ 18 ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ರದ್ದು ಮಾಡಿದ್ದಾರೆ. ಆದರೂ ಅರವತ್ತು ದಾಟಿದ ದಂಪತಿಗಳಿಗೆ ಕಂತು ಹಗುರವಾಗಿಲ್ಲ. ಮೂವತ್ತೈದು, ನಲವತ್ತರಲ್ಲೇ ತೆಗೆದುಕೊಂಡವನು ಕಾಯುವ ಅವಧಿಯನ್ನು ಆರೋಗ್ಯವಾಗಿದ್ದಾಗಲೇ ಕಳೆದುಬಿಡುತ್ತಾನೆ.

ಪಾಲಿಸಿಯಲ್ಲಿ ಮೊತ್ತವನ್ನು ಎಲ್ಲರೂ ನೋಡುತ್ತಾರೆ, ಕೋಣೆಯ ಬಾಡಿಗೆಯ ಮಿತಿಯನ್ನು ಯಾರೂ ನೋಡುವುದಿಲ್ಲ. ಒಂದು ಲೆಕ್ಕ ಹೇಳುತ್ತೇನೆ. ಮೂರು ಲಕ್ಷದ ಪಾಲಿಸಿ. ಕೋಣೆಗೆ ದಿನಕ್ಕೆ ಶೇಕಡ 1, ಅಂದರೆ 3,000 ರೂಪಾಯಿ ಮಿತಿ ಎಂದಿರಲಿ. ನಾವು 6,000ದ ಕೋಣೆ ಹಿಡಿದೆವು. ಬಿಲ್ಲು ಎರಡು ಲಕ್ಷ. ಕೋಣೆಯ ಹೆಚ್ಚುವರಿ ಬಾಡಿಗೆಯಷ್ಟನ್ನೇ ನಾವು ಕಟ್ಟಬೇಕಾದೀತು ಎಂದು ಎಣಿಸುತ್ತೇವೆ. ಹಾಗಲ್ಲ. ಡಾಕ್ಟರ ಫೀಸು, ಆಪರೇಷನ್ ಕೊಠಡಿಯ ಬಾಡಿಗೆ, ದಾದಿಯರ ಶುಶ್ರೂಷೆ, ಎಲ್ಲವನ್ನೂ ಕೋಣೆಯ ಪ್ರಮಾಣದಲ್ಲೇ ಅರ್ಧಕ್ಕೆ ಇಳಿಸುತ್ತಾರೆ. ಎರಡು ಲಕ್ಷದಲ್ಲಿ ಔಷಧಿ ಮುಂತಾದ ಕಡಿತವಿಲ್ಲದ ಬಾಬು 60 ಸಾವಿರವಾದರೆ, ಉಳಿದ 1 ಲಕ್ಷ 40 ಸಾವಿರದಲ್ಲಿ 70 ಸಾವಿರ ನಮ್ಮ ತಲೆಗೆ. ಇದರ ಜೊತೆಗೆ, ಬಿಲ್ಲಿನ ಶೇಕಡ 10 ಅಥವಾ 20ನ್ನು ವಿಮೆದಾರನೇ ಕೊಡಬೇಕೆಂಬ ಷರತ್ತು ಹಿರಿಯರ ಪಾಲಿಸಿಗಳಲ್ಲಿ ಇರುವುದುಂಟು. ಕಡಿಮೆ ಕಂತಿನ ಪಾಲಿಸಿ ಏಕೆ ಕಡಿಮೆ ಎಂಬುದು ಇಂಥ ಸಣ್ಣ ಅಕ್ಷರಗಳಲ್ಲಿರುತ್ತದೆ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಓದಿ, ಬೇಡವೆನಿಸಿದರೆ ಹಿಂತಿರುಗಿಸುವ ಹಕ್ಕಿದೆ. ಒಮ್ಮೆಯಾದರೂ ಓದಿ.

ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಮುಚ್ಚಿಡಬೇಡಿ. ನನ್ನ ಹತ್ತಿರದ ಸಂಬಂಧಿಕರೊಬ್ಬರ ಅರ್ಜಿಯನ್ನು ಏಜೆಂಟನೇ ತುಂಬಿದ. ಬಿಪಿ ಮಾತ್ರೆ ನುಂಗುತ್ತಿದ್ದೇನೆ ಎಂದು ಅವರು ಹೇಳಿದರೆ, "ಅದನ್ನೆಲ್ಲ ಬರೆದರೆ ಕಂತು ಏರುತ್ತದೆ ಸಾರ್" ಎಂದು 'ಇಲ್ಲ' ಎಂಬ ಚೌಕಕ್ಕೆ ಗುರುತು ಹಾಕಿದನಂತೆ. ಎರಡನೆಯ ವರ್ಷ ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆಯ ಹಳೆಯ ಚೀಟಿಯಲ್ಲಿ ಬಿಪಿ ಮಾತ್ರೆಯ ಹೆಸರಿತ್ತು. ಕಂಪೆನಿ ಕೈಯಾಡಿಸಿತು. ಐದು ವರ್ಷ ಸತತವಾಗಿ ಕಂತು ಕಟ್ಟಿದ ಮೇಲೆ, ಮೋಸ ಸಾಬೀತಾದ ಹೊರತು, ಹಳೆಯ ಮಾಹಿತಿ ಹೇಳಲಿಲ್ಲವೆಂದು ತಕರಾರು ತೆಗೆಯುವಂತಿಲ್ಲ ಎಂಬ ನಿಯಮ ಈಗ ಇದೆ. ಐದನೆಯ ವರ್ಷದವರೆಗೆ ಕಾಯಿಲೆ ಕಾಯಬೇಕಷ್ಟೆ. ನ್ಯಾಯವಾದ ಕ್ಲೇಮನ್ನು ಕಂಪೆನಿ ತಳ್ಳಿಹಾಕಿದರೆ ಮೊದಲು ಕಂಪೆನಿಗೇ ಲಿಖಿತ ದೂರು ಕೊಟ್ಟು, ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಡ.

ಮಗನ ಕಂಪೆನಿಯ ಗುಂಪು ವಿಮೆಯಲ್ಲಿ ನಮ್ಮ ಹೆಸರಿದೆ, ನಮಗೇನು ಚಿಂತೆ ಎನ್ನುವವರಿಗೆ ಒಂದೇ ಮಾತು: ಮಗ ಕೆಲಸ ಬಿಟ್ಟ ದಿನ ಆ ವಿಮೆಯೂ ಬಿಡುತ್ತದೆ. ಅದೇ ವಿಮಾ ಕಂಪೆನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ದಾರಿಯನ್ನು ಕೆಲಸ ಬಿಡುವ ಮುನ್ನವೇ ವಿಚಾರಿಸಿಕೊಳ್ಳಲಿ.

ಟೆಕ್ಸಾಸಿನಲ್ಲಿರುವ ನನ್ನ ಅಣ್ಣನ ಮಗಳು ಕಳೆದ ಬಾರಿ ಬಂದಾಗ ಅಲ್ಲಿಯ ಏರ್ಪಾಡನ್ನು ವಿವರಿಸಿದಳು. ಗಂಡನ ಕೆಲಸ ಹೋದ ವರ್ಷ ಅವರು ವಿಮೆಯನ್ನು ಸರಕಾರವೇ ನಡೆಸುವ ಮಾರುಕಟ್ಟೆಯಿಂದ ಕೊಂಡರಂತೆ. 2010ರ ಕಾಯಿದೆಯ ಪ್ರಕಾರ 2013ರ ಅಕ್ಟೋಬರಿನಲ್ಲಿ ತೆರೆದ ಮಾರುಕಟ್ಟೆ ಅದು. ಕಂಪೆನಿಗಳೆಲ್ಲ ತಮ್ಮ ಪಾಲಿಸಿಗಳನ್ನು ಕಂಚು, ಬೆಳ್ಳಿ, ಬಂಗಾರ, ಪ್ಲಾಟಿನಂ ಎಂಬ ದರ್ಜೆಗಳಲ್ಲಿ ಅಕ್ಕಪಕ್ಕ ಇಡಬೇಕು, ಹಳೆಯ ಕಾಯಿಲೆ ಇದೆಯೆಂದು ಯಾರನ್ನೂ ತಿರಸ್ಕರಿಸುವಂತಿಲ್ಲ. ಕುಟುಂಬದ ಆದಾಯ ನೋಡಿ ಕಂತಿನಲ್ಲಿ ಸರಕಾರದ ಸಹಾಯ. ನವೆಂಬರಿನಿಂದ ಕೆಲವು ವಾರ ಮಾತ್ರ ಬಾಗಿಲು ತೆರೆದಿರುತ್ತದೆ. ಕೆಲಸ ಹೋದವರಿಗೆ, ಮಗು ಹುಟ್ಟಿದವರಿಗೆ ನಡುವೆಯೂ ಅವಕಾಶವುಂಟು. ನನ್ನನ್ನು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ಇಷ್ಟೆಲ್ಲ ಪರದೆಯ ಮೇಲೆ ಬಿಡಿಸಿಟ್ಟ ಮೇಲೂ ಜನರಿಗೆ ಅರ್ಥವಾಗದೆಂದು, ದಾರಿ ತೋರಿಸುವವರನ್ನು ಕಾಯಿದೆಯಲ್ಲೇ ನೇಮಿಸಿದ್ದಾರೆ. ಅವರು ಶುಲ್ಕ ತೆಗೆದುಕೊಳ್ಳುವಂತಿಲ್ಲ, ಯಾವ ಕಂಪೆನಿಯ ಕಮಿಷನ್ನನ್ನೂ ಮುಟ್ಟುವಂತಿಲ್ಲ.

ನಮ್ಮಲ್ಲಿಯೂ ವಿಮಾ ಪ್ರಾಧಿಕಾರ 'ಬಿಮಾ ಸುಗಮ್' ಎಂಬ ಸಾರ್ವಜನಿಕ ವಿಮಾ ಮಾರುಕಟ್ಟೆಗೆ 2024ರಲ್ಲಿ ನಿಯಮ ಮಾಡಿತು. 2025ರ ಸೆಪ್ಟೆಂಬರಿನಲ್ಲಿ ಅದರ ಜಾಲತಾಣ ಆರಂಭವಾಯಿತು. ಕೊಳ್ಳುವ, ಕ್ಲೇಮು ಮಾಡುವ ಸೌಲಭ್ಯಗಳನ್ನು ಹಂತ ಹಂತವಾಗಿ ತರುವ ಯೋಜನೆ. ಒಳ್ಳೆಯದೇ. ಆದರೆ ನೆಟ್‌ವರ್ಕ್ ಸಿಗಲು ಗುಡ್ಡ ಹತ್ತುವ ನಮ್ಮ ಊರುಗಳಿಗೆ ಪರದೆಗಿಂತ ಮೊದಲು ಬೇಕಾದುದು ಕಮಿಷನ್ನಿನ ಆಸೆಯಿಲ್ಲದ, ನಮ್ಮ ಮನೆಯ ಸ್ಥಿತಿ ಬಲ್ಲ ಒಬ್ಬ ಮನುಷ್ಯ. ಅಂಥವನು ಸಂಘದ ಗುಮಾಸ್ತನಲ್ಲದೆ ಇನ್ಯಾರು? ಪಹಣಿ, ಸಾಲ, ಹಿಸ್ಸೆ, ಜಗಳ, ಎಲ್ಲವೂ ಅವನಿಗೆ ಗೊತ್ತು.

ನಮ್ಮ ಆಳುಗಳ ವಿಷಯವನ್ನು ಇಲ್ಲಿ ಬಿಡುವಂತಿಲ್ಲ. ಕೊನೆ ಕೊಯ್ಯುವವನು, ಮರಗಸಿ ಮಾಡುವವನು, ಮೈಲುತುತ್ತ ಹೊಡೆಯುವವನು ನಮಗಿಂತ ಎತ್ತರದಿಂದ ಬೀಳುವವರು. ಊರಿನವರಾದರೆ ಬಹುತೇಕ ಬಿಪಿಎಲ್ ಚೀಟಿ ಇರುತ್ತದೆ. ಆಯುಷ್ಮಾನ್ ಕಾರ್ಡು ಮಾಡಿಸಿದ್ದಾರೆಯೇ ಎಂದು ವಿಚಾರಿಸಿ, ಇಲ್ಲದಿದ್ದರೆ ಒಂದು ದಿನ ರಜೆ ಕೊಟ್ಟು ಕಳುಹಿಸಿ. ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದವರ ಬಳಿ ಅವರ ಊರಿನ ಆಯುಷ್ಮಾನ್ ಕಾರ್ಡು ಇರಬಹುದು. ಕೇಂದ್ರದ ಯೋಜನೆಯ ಕಾರ್ಡು ದೇಶದ ಯಾವುದೇ ಮೂಲೆಯಲ್ಲಿ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ನಡೆಯುವಂಥದು. ಅವರು ಅದನ್ನು ಟ್ರಂಕಿನಲ್ಲಿ ಮಡಿಸಿಟ್ಟು ಮರೆತಿರುತ್ತಾರೆ. ಆಳು ಬಿದ್ದಾಗ ಧಣಿಯೇ ಬಿಲ್ಲು ಕಟ್ಟುವ ಪ್ರಸಂಗಗಳಲ್ಲಿ ಎಷ್ಟೋ ತಪ್ಪಿಸಬಹುದಾದವು.

ಎಪ್ಪತ್ತು ದಾಟಿದವರಿಗೆಲ್ಲ ಆದಾಯ ನೋಡದೆ 5 ಲಕ್ಷದ ಕಾರ್ಡು ಎಂದು 2024ರ ಅಕ್ಟೋಬರಿನಲ್ಲಿ ಕೇಂದ್ರ ಘೋಷಿಸಿದ್ದನ್ನು ಕೇಳಿ ಹಲವರು ಬಂದು ವಿಚಾರಿಸಿದರು. ದೆಹಲಿಯಲ್ಲಿ ಘೋಷಣೆಯಾಗುವುದು ಬೇರೆ, ನಮ್ಮ ಜಿಲ್ಲಾಸ್ಪತ್ರೆಯ ಮೇಜಿನಲ್ಲಿ ಆ ಕಾರ್ಡಿಗೆ ಮುದ್ರೆ ಬೀಳುವುದು ಬೇರೆ. ಅಲ್ಲಿಯ ಆರೋಗ್ಯಮಿತ್ರರನ್ನು ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಅದನ್ನು ನಂಬಿ ಉಳಿದುದನ್ನು ಬಿಡಬೇಕು. ಅಲ್ಲಿಯವರೆಗೆ ಯಶಸ್ವಿನಿಯನ್ನು ಬಿಡಬೇಡಿ.

ಈಗ ನನ್ನ ಸಲಹೆ. ಯಶಸ್ವಿನಿ ನೋಂದಣಿಯ ತಾರೀಖುಗಳು ವರ್ಷ ವರ್ಷಕ್ಕೆ ಬದಲಾದರೂ, 2022ರಿಂದ ನಾನು ನೋಡಿದಂತೆ ಅವು ಬೀಳುವುದು ನಮ್ಮ ಕೊಯ್ಲಿನ ತಿಂಗಳುಗಳಲ್ಲೇ. ಅಡಕೆ ಬೇಯಿಸುವ ಒಲೆ ಉರಿಯುತ್ತಿರುವಾಗ, ಕಾಫಿ ಕಣದಲ್ಲಿ ಹರಡಿರುವಾಗ, ಭಾವಚಿತ್ರ ತೆಗೆಸಿಕೊಂಡು ಬನ್ನಿ ಎಂದರೆ ಯಾರು ಬರುತ್ತಾರೆ? ಆದಕಾರಣ ಕಾಗದಪತ್ರಗಳನ್ನು ಸಂಘವು ಜುಲೈ, ಆಗಸ್ಟಿನಲ್ಲೇ ಸಂಗ್ರಹಿಸಿಟ್ಟುಕೊಳ್ಳಬೇಕು. ಪಡಿತರ ಚೀಟಿ, ಆಧಾರ, ಭಾವಚಿತ್ರ, ಬೇಕಾದವರಿಗೆ ಜಾತಿ ಪ್ರಮಾಣಪತ್ರ, ಇವನ್ನು ಬೆಳೆಸಾಲದ ಕಡತದ ಜೊತೆಗೇ ನೋಡಿ, ತಪ್ಪಿದ್ದರೆ ಆಗಲೇ ತಿಳಿಸಬೇಕು. ವಂತಿಗೆಯನ್ನು ಸದಸ್ಯರ ಲಿಖಿತ ಒಪ್ಪಿಗೆ ಪಡೆದು ಅಡಕೆಯ ಮಾರಾಟದ ಹಣದಲ್ಲಿ ಮುರಿದುಕೊಳ್ಳಬೇಕು. ನಾಮನಿರ್ದೇಶನ ಖಾಲಿ ಇರುವವರ ಷೇರಿಗೆ ಅದನ್ನು ತುಂಬಿಸುವವರೆಗೆ ಡಿವಿಡೆಂಡಿನ ಚೀಟಿಯನ್ನು ಕೈಗೆ ಕೊಡಬಾರದು. ಹಣ ತಡೆಯುವುದಲ್ಲ, ಅವರು ಒಂದು ಸಲ ಮೇಜಿನ ಮುಂದೆ ಬರುವಂತೆ ಮಾಡುವುದು. ಆಡಳಿತ ಮಂಡಳಿಯ ಮುಂದೆ ಇದನ್ನು ಇಟ್ಟಾಗ ಇಬ್ಬರು ನಿರ್ದೇಶಕರು, ಸಂಘದ ಕೆಲಸ ಗೊಬ್ಬರ ಮತ್ತು ಸಾಲ, ಆಸ್ಪತ್ರೆಯಲ್ಲ ಎಂದರು. ಅವರ ವಾದ ತಿರಸ್ಕರಿಸತಕ್ಕದ್ದಲ್ಲ, ಗುಮಾಸ್ತ ಇರುವವನು ಒಬ್ಬನೇ. ಆದರೆ ನಮ್ಮ ಸಾಲದ ಪುಸ್ತಕದಲ್ಲಿ ಬಾಕಿ ಉಳಿಸಿಕೊಂಡವರ ಮನೆಗಳನ್ನು ಒಂದೊಂದಾಗಿ ನೆನೆಯುತ್ತ ಹೋದರೆ, ಕೊಳೆರೋಗದಿಂದ ಬಾಕಿಯಾದವರ ನಡುನಡುವೆ ಆಸ್ಪತ್ರೆಯಿಂದ ಬಾಕಿಯಾದವರೂ ಕಾಣುತ್ತಾರೆ.

ಎರಡು ವರ್ಷದ ಫಸಲು ಕಳೆದುಕೊಂಡ ನಮ್ಮ ಸದಸ್ಯರು ಈಗ ದಿನವೂ ಸ್ವಲ್ಪ ನಡೆಯುತ್ತಾರೆ. ಮಗನ ಹೆಸರನ್ನು ಬೇರೆ ಚೀಟಿಗೆ ವರ್ಗ ಮಾಡಿಸಿದ್ದಾರೆ, ಹೆಂಡತಿಯ ಹೆಸರಿನಲ್ಲಿ ಷೇರಿಗೂ ಅರ್ಜಿ ಕೊಟ್ಟಿದ್ದಾರೆ. ಸಲಹೆಯನ್ನು ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯಲ್ಲಿ ಠರಾವಿನ ರೂಪದಲ್ಲಿ ತರುವವನಿದ್ದೇನೆ. ವಿರೋಧವಿರುವ ಸದಸ್ಯರು ಧಾರಾಳವಾಗಿ ಬಂದು ವಿರೋಧಿಸಬಹುದು. ಬರುವಾಗ ಪಡಿತರ ಚೀಟಿಯ ಒಂದು ನಕಲನ್ನು ಮಾತ್ರ ಮರೆಯದೆ ತರಬೇಕಾಗಿ ಕೋರಿಕೆ.